ನೆಲದಡಿಯ ರೈಲೂ ನಮ್ಮದೇ, ಆ ಕಲ್ಲುಗಳೂ ನಮ್ಮವೇ

“ನೆಲದೊಳಕ್ಕೆ ಹೋಗೋ ರೈಲಾ? ನಾನ್ ಬರಾಕಿಲ್ಲ ಕಣ್ಲಾ. ನೆಲದೊಳಕ್ಕೆ ಹೋಗೋದು ಒಂದೇ ಸಲ. ಅವಾಗ ನೀವೇ ನಾಲ್ಕು ಜನ ಹೊತ್ಕೊಂಡ್ ಹೋಯ್ತೀರಲ್ಲ, ಸಾಕು.”

ಹೋದ ತಿಂಗಳು ಜಯನಗರದ ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಿಂತು ನಮ್ಮ ಸೋದರತ್ತೆ ಹೇಳಿದ ಮಾತು ಇದು. ಬೆಳಗ್ಗೆ ರಕ್ತ ಪರೀಕ್ಷೆಗೆ ಕೊಟ್ಟಾಗಿತ್ತು. ರಿಪೋರ್ಟ್ ಸಂಜೆ ನಾಲ್ಕಕ್ಕೆ ಅಂದಿದ್ದರು. ಗಂಟೆ ಇನ್ನೂ ಹತ್ತೂವರೆ. ಹಳ್ಳಿಯಿಂದ ಬೆಂಗಳೂರಿಗೆ ಬಂದವರಿಗೆ ಈ ನಡುವಿನ ಐದಾರು ಗಂಟೆ ಏನು ಮಾಡಬೇಕು ಅನ್ನುವುದೇ ದೊಡ್ಡ ಸಮಸ್ಯೆ. ಆಸ್ಪತ್ರೆಯ ಕಟ್ಟೆ ಮೇಲೆ ಕೂರುವುದು, ತಂದ ಚಿತ್ರಾನ್ನ ಬಿಚ್ಚುವುದು, ಒರಗಿ ತೂಕಡಿಸುವುದು. ನಮ್ಮತ್ತೆ ನಲವತ್ತು ವರ್ಷದಿಂದ ಬೆಂಗಳೂರಿಗೆ ಬರುತ್ತಿದ್ದಾಳೆ. ಅವಳು ನೋಡಿರುವ ಬೆಂಗಳೂರು ಅಂದರೆ ಬನಶಂಕರಿ ಬಸ್ ಸ್ಟ್ಯಾಂಡು, ಬನಶಂಕರಿ ಅಮ್ಮನ ಗುಡಿ, ಎರಡು ಆಸ್ಪತ್ರೆ, ಒಂದು ಮದುವೆ ಛತ್ರ. ಅಷ್ಟೇ.

ನಾನು ಹೇಳಬೇಕಾಗಿರುವುದು ನೇರವಾಗಿ ಇದು. ಬೆಂಗಳೂರಿನಲ್ಲಿ ನೋಡಲೇಬೇಕಾದ ಹಳೆಯ ಕೆತ್ತನೆ, ಹಳೆಯ ಚಿತ್ರ, ಹಳೆಯ ಕಲ್ಲು ಬಹಳ ಇವೆ. ಅದರಲ್ಲಿ ಎಷ್ಟೋ ನಮ್ಮಂಥ ಹಳ್ಳಿಗಳಿಂದಲೇ ಹೋದವು, ಇಲ್ಲವೇ ನಮ್ಮಂಥವರ ಬದುಕಿನಿಂದಲೇ ಹುಟ್ಟಿದವು. ಅವುಗಳ ಬಾಗಿಲಿಗೆ ಈಗ ಮೆಟ್ರೋ ಹೋಗುತ್ತದೆ. ಆದರೂ ನಾವು ಹೋಗುವುದಿಲ್ಲ. ದುಡ್ಡಿನ ಅಡ್ಡಿ ಸ್ವಲ್ಪ ಇದೆ, ಅದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ದೊಡ್ಡ ಅಡ್ಡಿ, ‘ಇದು ನಮ್ಮಂಥೋರಿಗಲ್ಲ’ ಅನ್ನುವ ಅಳುಕು.

ಆ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. 2024ರ ಫೆಬ್ರವರಿ ನೆನಪಿದೆಯಲ್ಲ? ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತಿದ್ದ ಒಬ್ಬ ರೈತರನ್ನು, ಬಟ್ಟೆ ಕೊಳೆಯಾಗಿದೆ ಅಂತ ತಪಾಸಣೆಯ ಜಾಗದಲ್ಲೇ ತಡೆದು ನಿಲ್ಲಿಸಿದರು. ಕೈಯಲ್ಲಿ ಟಿಕೆಟ್ ಇತ್ತು. ಗಂಟಿನಲ್ಲಿ ಇದ್ದದ್ದು ಬಟ್ಟೆಬರೆ. ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳ ಮಾಡಿ, ವಿಡಿಯೊ ತೆಗೆದು, ಕೊನೆಗೂ ಅವರನ್ನು ಒಳಗೆ ಕಳಿಸಿದರು. ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ಮೆಟ್ರೋ ನಿಗಮ ಆ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅದು ಸರಿಯಾದ ಕ್ರಮ. ಆದರೆ ವಿಡಿಯೊ ನೋಡಿದ ನಮ್ಮೂರಿನವರ ಮನಸ್ಸಿನಲ್ಲಿ ಉಳಿದದ್ದು ಕೆಲಸದಿಂದ ತೆಗೆದದ್ದಲ್ಲ, ತಡೆದು ನಿಲ್ಲಿಸಿದ್ದು. ಅತ್ತೆ ಕೂಡ ಅವತ್ತು ಮೆಟ್ಟಿಲ ಬುಡದಲ್ಲಿ ತನ್ನ ಸೀರೆ ಸೆರಗು ಎರಡು ಸಲ ಸರಿ ಮಾಡಿಕೊಂಡಳು. ಆಸ್ಪತ್ರೆಗೆ ಹೋಗುವಾಗ ಹಾಗೆ ಮಾಡಿಕೊಂಡಿರಲಿಲ್ಲ.

“ಬಾ ಅತ್ತೆ, ಯಾರೂ ಏನೂ ಅನ್ನಲ್ಲ” ಅಂತ ಕೈ ಹಿಡಿದೆ. ಬಂದಳು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೌಂಟರಿನಲ್ಲಿ ಹೋಗುವ ಊರು ಹೇಳಿದರೆ ನಾಣ್ಯದಂಥ ಟೋಕನ್ ಕೊಡುತ್ತಾರೆ. ಒಳಗೆ ಹೋಗುವಾಗ ಅದನ್ನು ಗೇಟಿನ ಮೇಲೆ ತಾಗಿಸಬೇಕು. ಇಳಿದು ಹೊರಗೆ ಬರುವಾಗ ಗೇಟಿನ ಸೀಳಿನಲ್ಲಿ ಹಾಕಬೇಕು. ಕಳೆದುಕೊಂಡರೆ ತಾಪತ್ರಯ, ಎಲೆ ಅಡಿಕೆ ಚೀಲದಲ್ಲಿ ಭದ್ರವಾಗಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲೇ ಟಿಕೆಟ್ ತೆಗೆಯುವ ವ್ಯವಸ್ಥೆ 2022ರ ನವೆಂಬರ್‌ನಿಂದ ಇದೆ. ಮಕ್ಕಳು ಜೊತೆಯಲ್ಲಿದ್ದರೆ ಅವರು ಮಾಡಿಕೊಡುತ್ತಾರೆ. ಚಲಿಸುವ ಮೆಟ್ಟಿಲು ಹೆದರಿಕೆ ಅನ್ನುವವರಿಗೆ ಲಿಫ್ಟ್ ಇದೆ, ಮಾಮೂಲಿ ಮೆಟ್ಟಿಲೂ ಇದೆ. ರೈಲು ಬರುವ ಮುಂಚೆ ಹಳದಿ ಗೆರೆಯಿಂದ ಹಿಂದೆ ನಿಲ್ಲಿ. ಬೋರ್ಡುಗಳೆಲ್ಲ ಕನ್ನಡದಲ್ಲಿವೆ, ರೈಲಿನೊಳಗೆ ಮುಂದಿನ ನಿಲ್ದಾಣ ಯಾವುದು ಅಂತ ಕನ್ನಡದಲ್ಲಿ ಕೂಗುತ್ತಾರೆ. 2017ರಲ್ಲಿ ಹಿಂದಿ ಫಲಕ ಬೇಡ ಅಂತ ಕನ್ನಡಿಗರು ಗಲಾಟೆ ಮಾಡಿದ್ದು ನಿಮಗೆ ನೆನಪಿರಬಹುದು. ಕನ್ನಡ ಓದಲು ಬಂದರೆ ಈ ರೈಲಿನಲ್ಲಿ ದಾರಿ ತಪ್ಪುವುದು ಕಷ್ಟ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ದಾರಿ ತಪ್ಪುವುದಕ್ಕಿಂತ ಬಹಳ ಕಷ್ಟ!

ನಮ್ಮ ಕನಕಪುರ ರಸ್ತೆಯ ಕಡೆಯವರಿಗಂತೂ ಹಸಿರು ಮಾರ್ಗ ಹೇಳಿ ಮಾಡಿಸಿದ ಹಾಗಿದೆ. 2017ರ ಜೂನ್‌ನಲ್ಲಿ ಯಲಚೇನಹಳ್ಳಿವರೆಗೆ ಬಂದಿದ್ದ ರೈಲು 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆ ನಿಲ್ದಾಣಕ್ಕೆ ಬಂತು. ಸಾತನೂರು, ಹಾರೋಹಳ್ಳಿ ಕಡೆಯಿಂದ ಬರುವವರು ಅಲ್ಲೇ ಬಸ್ಸಿಳಿದು ಮೆಟ್ರೋ ಹತ್ತಬಹುದು. (ಹೆಸರಿಗೆ ನಾವೂ ಈಗ ಬೆಂಗಳೂರಿನವರೇ. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಟ್ಟರು. ಹೆಸರು ಬದಲಾದ ಮೇಲೆ ನಮ್ಮ ಬೀದಿಯ ಚರಂಡಿ ಏನೂ ಬದಲಾಗಿಲ್ಲ.) ಆ ಮಾರ್ಗದ ನಿಲ್ದಾಣಗಳ ಹೆಸರು ಒಂದು ಸಲ ಓದಿ: ತಲಘಟ್ಟಪುರ, ವಾಜರಹಳ್ಳಿ, ದೊಡ್ಡಕಲ್ಲಸಂದ್ರ, ಕೋಣನಕುಂಟೆ, ಯಲಚೇನಹಳ್ಳಿ. ಎಲ್ಲವೂ ಹಳ್ಳಿಗಳೇ. ಹೊಲ ಹೋಯಿತು, ಕೆರೆ ಹೋಯಿತು, ಹೆಸರು ಮಾತ್ರ ರೈಲಿನ ಧ್ವನಿಯಲ್ಲಿ ಉಳಿದಿದೆ. 2025ರ ಆಗಸ್ಟ್ 10ಕ್ಕೆ ಶುರುವಾದ ಹಳದಿ ಮಾರ್ಗ ಜಯನಗರದ ಪಕ್ಕದ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಲೇಔಟ್ ಮೇಲೆ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಆರ್.ವಿ. ರಸ್ತೆ ಬಿಟ್ಟರೆ ಅದರ ಮೊದಲ ನಿಲ್ದಾಣದ ಹೆಸರೇ ರಾಗಿಗುಡ್ಡ. ರಾಗಿ ರಾಶಿ ಕಲ್ಲಾದ ಕತೆ ಅಲ್ಲಿನ ಆಂಜನೇಯನ ಗುಡಿಯ ಪೂಜಾರಿಗಳನ್ನು ಕೇಳಿದರೆ ಹೇಳುತ್ತಾರೆ.

ಸರಿ, ರೈಲಿಗೆ ಬರೋಣ.

ಜಯನಗರದಿಂದ ನಾಲ್ಕನೇ ನಿಲ್ದಾಣ ಕೆ.ಆರ್. ಮಾರ್ಕೆಟ್. ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಇವೆಲ್ಲ ಮೇಲ್ಸೇತುವೆಯ ಮೇಲೆ. ಮರದ ತಲೆಗಳು, ಮನೆಗಳ ತಾರಸಿ, ಒಣಹಾಕಿದ ಬಟ್ಟೆ ಕಾಣುತ್ತವೆ. ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ಇಳಿಜಾರಿಗೆ ಬರುತ್ತದೆ, ಕಿಟಕಿಯ ಬೆಳಕು ಒಂದು ಕ್ಷಣದಲ್ಲಿ ಆರುತ್ತದೆ. ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಅಲುಗಾಟವಿಲ್ಲ, ಧೂಳಿಲ್ಲ, ಹಾರ್ನ್ ಇಲ್ಲ. ಕಪ್ಪು ಗಾಜಿನಲ್ಲಿ ಅವಳ ಮುಖವೇ ಅವಳಿಗೆ ಕಂಡಿತು. “ಬಾವಿಯೊಳಗೆ ಇಳಿದಂಗೈತೆ, ಆದ್ರೆ ತಂಪಾಗೈತೆ” ಅಂದಳು. ಬಸ್ಸಿನಲ್ಲಾದರೆ ಇದೇ ದಾರಿಗೆ ಎಷ್ಟು ಸಿಗ್ನಲ್ಲು, ಎಷ್ಟು ಬ್ರೇಕು ಅನ್ನುವುದನ್ನು ಮಂಡಿ ನೋವಿನವರನ್ನು ಕೇಳಬೇಕು.

ಈ ಸುರಂಗ ಕೊರೆದದ್ದು ಹೇಗೆ ಅಂತ ಅವಳಿಗೆ ಕೊಳವೆ ಬಾವಿಯ ಲೆಕ್ಕದಲ್ಲಿ ಹೇಳಿದೆ. ನಮ್ಮೂರಲ್ಲಿ ಬೋರ್ ಲಾರಿ ಬಂದು ಕೆಳಮುಖವಾಗಿ ಕೊರೆಯುತ್ತದೆ. ಇಲ್ಲಿ ಉದ್ದನೆಯ ಯಂತ್ರ ಅಡ್ಡಡ್ಡಲಾಗಿ ಕೊರೆಯುತ್ತದೆ. ಮುಂದೆ ತಿರುಗುವ ಚಕ್ರ ಬಂಡೆಯನ್ನು ಪುಡಿ ಮಾಡುತ್ತದೆ, ಹಿಂದೆ ಕಾಂಕ್ರೀಟಿನ ತುಂಡುಗಳನ್ನು ಬಳೆಯ ಹಾಗೆ ಜೋಡಿಸಿಕೊಂಡು ಹೋಗುತ್ತಾರೆ. ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಅಂತ ಹೊಳೆಗಳ ಹೆಸರು ಇಟ್ಟಿದ್ದರು. ನಗರದಲ್ಲಿ ಸುರಂಗದ ರೈಲು ಮೊದಲು ಓಡಿದ್ದು 2016ರ ಏಪ್ರಿಲ್ ಕೊನೆಯಲ್ಲಿ, ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ. ದಕ್ಷಿಣ ಭಾರತದಲ್ಲೇ ಅದು ಮೊದಲು. ಮಾರ್ಕೆಟ್, ಚಿಕ್ಕಪೇಟೆಯ ಸುರಂಗ ಮುಂದಿನ ವರ್ಷ ತೆರೆಯಿತು. ನಡುವೆ ಗಟ್ಟಿ ಬಂಡೆ ಸಿಕ್ಕಿ ಯಂತ್ರಗಳು ತಿಂಗಳುಗಟ್ಟಲೆ ತಡವಾದವು. ಲಾಲ್‌ಬಾಗ್ ಗುಡ್ಡದ ಮೇಲೆ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಈ ನಗರ ಕೂತಿರುವುದೇ ಅಂಥ ಕಲ್ಲಿನ ಮೇಲೆ.

ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಹೂವಿನ ವಾಸನೆ. ಅತ್ತೆಗೆ ಹೋದ ಜೀವ ಬಂತು. 1928ರಲ್ಲಿ ಕಟ್ಟಿದ ಈ ಮಾರುಕಟ್ಟೆಯ ಜಾಗದಲ್ಲಿ ಅದಕ್ಕೂ ಹಿಂದೆ ಸಿದ್ದಿಕಟ್ಟೆ ಅನ್ನುವ ಕೆರೆ ಇತ್ತು. ಅದರ ಎದುರಿಗೇ ಬೆಂಗಳೂರು ಕೋಟೆ. ಕೆಂಪೇಗೌಡರ ಕಾಲದಲ್ಲಿ ಮಣ್ಣಿನ ಕೋಟೆ, ಆಮೇಲೆ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ಒಂದು ತುಂಡು, ದೆಹಲಿ ಬಾಗಿಲು ಅನ್ನುತ್ತಾರೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗಕ್ಕೆ ಒಂದು ಫಲಕ ಇದೆ. ಬಾಗಿಲ ಕೆತ್ತನೆ ನೋಡಿ ಬನ್ನಿ, ಒಳಗೆ ಒಂದು ಗಣಪತಿ ಗುಡಿಯೂ ಇದೆ. ಮುಸಲ್ಮಾನ ದೊರೆಯ ಕೋಟೆಯೊಳಗೆ ಗಣಪತಿ. ವಾಟ್ಸಾಪ್‌ನಲ್ಲಿ ಬರುವ ಇತಿಹಾಸ ಓದಿ ಜಗಳ ಆಡುವ ನಮ್ಮ ಹುಡುಗರನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬರಬೇಕು ಅನಿಸಿತು.

2012ರಲ್ಲಿ ಮೆಟ್ರೋ ಕೆಲಸಕ್ಕೆ ಇಲ್ಲೇ ಮಣ್ಣು ಅಗೆಯುವಾಗ ಟಿಪ್ಪು ಕಾಲದ ಕಬ್ಬಿಣದ ಫಿರಂಗಿಗಳು ಸಿಕ್ಕವು. ಅಂದರೆ ನಾವು ಕೂತು ಬಂದ ರೈಲು ಹಾಯುವುದು ಆ ಯುದ್ಧಭೂಮಿಯ ಕೆಳಗೆ. ಇದನ್ನು ಅತ್ತೆಗೆ ಹೇಳಿದಾಗ ಅವಳು ಕೇಳಿದ್ದು, “ಅವಾಗ ಸತ್ತೋರ್ಗೆ ವೀರಗಲ್ಲು ಹಾಕ್ಲಿಲ್ವಾ?” ಇಪ್ಪತ್ತೈದು ವರ್ಷದ ಪತ್ರಕರ್ತರಿಗೂ ಹೊಳೆಯದ ಪ್ರಶ್ನೆ ಅದು. ನನ್ನ ಬಳಿ ಉತ್ತರ ಇರಲಿಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಶುರು ಮಾಡಿದ್ದು, ಟಿಪ್ಪು ಮುಗಿಸಿದ್ದು 1791ರಲ್ಲಿ. ಲೆಕ್ಕ ಹಾಕಿ ನೋಡಿ, ಅರಮನೆ ಮುಗಿದ ವರ್ಷವೇ ಕೋಟೆ ಬ್ರಿಟಿಷರ ಕೈಗೆ ಹೋಯಿತು. ಟಿಪ್ಪು ಸತ್ತ ಮೇಲೆ ಬ್ರಿಟಿಷರು ಇದನ್ನು ಸರ್ಕಾರಿ ಕಚೇರಿ ಮಾಡಿಕೊಂಡಿದ್ದರು, 1868ರಲ್ಲಿ ಕಚೇರಿ ಅಠಾರಾ ಕಛೇರಿಗೆ ಹೋಗುವವರೆಗೂ.

ಅರಮನೆ ಅಂದ ಕೂಡಲೇ ಮೈಸೂರು ಅರಮನೆಯ ಹಾಗೆ ಚಿನ್ನ ಬೆಳ್ಳಿ ಹುಡುಕಬೇಡಿ. ಇದು ತೇಗದ ಮರದ ಮನೆ. ಎರಡು ಅಂತಸ್ತು, ಸಾಲು ಕಂಬ, ಕಂಬದಿಂದ ಕಂಬಕ್ಕೆ ಕೆತ್ತಿದ ಕಮಾನು. ಮೇಲಿನ ಮಹಡಿಯ ಮೊಗಸಾಲೆಯಲ್ಲಿ ಕೂತು ಟಿಪ್ಪು ದರ್ಬಾರು ನಡೆಸುತ್ತಿದ್ದ. ಗೋಡೆ, ಚಾವಣಿಯ ಮೇಲೆ ಹೂವು ಬಳ್ಳಿಯ ಚಿತ್ತಾರ. ಬಣ್ಣ ಬಹಳ ಕಡೆ ಮಾಸಿದೆ, ಕೆಲವು ಕಡೆ ಉದುರಿದೆ. ಆದರೆ ಚಾವಣಿಯ ಕಡೆ ಕತ್ತೆತ್ತಿ ಒಂದೈದು ನಿಮಿಷ ಸುಮ್ಮನೆ ನಿಂತರೆ ಕಣ್ಣಿಗೆ ಒಂದೊಂದೇ ಹೂವು ಹತ್ತುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡು ಎರಡು ನಿಮಿಷದಲ್ಲಿ ಹೊರಟುಬಿಡುವವರೇ ಹೆಚ್ಚು.

ಅತ್ತೆ ಹೊರಡಲಿಲ್ಲ. ಅವಳು ಚಿತ್ರಕ್ಕಿಂತ ಮೊದಲು ನೋಡಿದ್ದು ಕಂಬ. ಕಂಬದ ಬುಡದ ಕಲ್ಲು ನೋಡಿದಳು, ಮರದ ಮೇಲೆ ಅಂಗೈ ಇಡಲು ಹೋಗಿ ಕಾವಲಿನವರನ್ನು ನೋಡಿ ಕೈ ಹಿಂದೆ ತೆಗೆದಳು. ಅವಳು ಹುಟ್ಟಿದ್ದು ಬೆಳೆದದ್ದು ತೊಟ್ಟಿ ಮನೆಯಲ್ಲಿ. “ನಮ್ಮ ತೊಟ್ಟಿ ಮನೆ ಕಂಬ ಮಾರಿದ್ರಲ್ಲ ನಿಮ್ಮಪ್ಪ, ಅದು ಬೆಂಗಳೂರ್ನಾಗೆ ಯಾವ್ದೋ ಹೋಟ್ಲಿಗೆ ಹೋಯ್ತಂತೆ” ಅಂದಳು. ನಿಜ. ತೊಂಬತ್ತರ ದಶಕದಲ್ಲಿ ಮೋಲ್ಡ್ ಮನೆ ಕಟ್ಟುವ ಹುಚ್ಚಿನಲ್ಲಿ ನಮ್ಮ ಬೀದಿಯ ನಾಲ್ಕು ತೊಟ್ಟಿ ಮನೆಗಳ ಕಂಬ, ಬಾಗಿಲುವಾಡ ಎಲ್ಲ ಲಾರಿ ಹತ್ತಿದವು. ಎಷ್ಟು ದುಡ್ಡು ಬಂತು ಅಂತ ಈಗ ಯಾರಿಗೂ ನೆನಪಿಲ್ಲ.

ಪಕ್ಕದಲ್ಲೇ ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ. ಹದಿನೇಳನೇ ಶತಮಾನದ ಕೊನೆಯದು, ಚಿಕ್ಕದೇವರಾಜ ಒಡೆಯರ ಕಾಲದ್ದು. ಯುದ್ಧದಲ್ಲಿ ಟಿಪ್ಪುವಿಗೆ ಬೀಳಬೇಕಿದ್ದ ಗುಂಡು ಗುಡಿ ಮುಂದಿನ ಗರುಡಗಂಬಕ್ಕೆ ಬಡಿದು ಅವನು ಉಳಿದ ಅಂತ ಜನ ಕತೆ ಹೇಳುತ್ತಾರೆ. ಅತ್ತೆ ಕೈ ಮುಗಿದಳು, ಗೋಡೆಯ ಕೆತ್ತನೆ ಸುತ್ತ ಒಂದು ಸುತ್ತು ಬಂದಳು, ನೆರಳಿನಲ್ಲಿ ಕೂತು ಚಿತ್ರಾನ್ನ ಬಿಚ್ಚಿದಳು. ಬೆಳಗ್ಗೆ ಆಸ್ಪತ್ರೆಯ ಕಟ್ಟೆಯಲ್ಲಿ ತಿನ್ನಬೇಕಾಗಿದ್ದ ಚಿತ್ರಾನ್ನ.

ಆಮೇಲೆ ಒಂದೇ ನಿಲ್ದಾಣ ಮುಂದಕ್ಕೆ, ಚಿಕ್ಕಪೇಟೆ. ಅದೂ ನೆಲದಡಿಯಲ್ಲೇ. ಕೆಂಪೇಗೌಡರು ಪೇಟೆ ಕಟ್ಟುವಾಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಲ್ಲಿ ನಾಲ್ಕು ಜೋಡಿ ಎತ್ತಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಹೊಡೆಸಿದರಂತೆ. ಆ ನೇಗಿಲ ಗೆರೆಗಳೇ ಬೀದಿಗಳಾದವು ಅನ್ನುತ್ತಾರೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ರೈತ ಬೆಳೆದದ್ದು, ಕಸುಬಿನವರು ಮಾಡಿದ್ದು, ಅದೇ ಬೀದಿಯ ಹೆಸರು. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆ ಗೂಡು, ನೂಲಾಗಿ, ಸೀರೆಯಾಗಿ ಗಾಜಿನ ಹಿಂದೆ ಕೂರುವುದೂ ಇದೇ ಚಿಕ್ಕಪೇಟೆಯ ಅಂಗಡಿಗಳಲ್ಲಿ. ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹತ್ತಿದವರು ಚಿಕ್ಕಪೇಟೆಯಲ್ಲಿ ಇಳಿದರೆ ಗೂಡಿನ ದಾರಿಯಲ್ಲೇ ಬಂದಂತೆ. ಅತ್ತೆ ಒಂದು ಸೀರೆಯ ಬೆಲೆ ಕೇಳಿ, ಗೂಡಿನ ಬೆಲೆ ಲೆಕ್ಕ ಹಾಕಿ, ಅಂಗಡಿಯವನ ಮುಖವನ್ನೇ ನೋಡಿ ಎದ್ದು ಬಂದಳು.

ಅವತ್ತು ಅಷ್ಟಕ್ಕೇ ವಾಪಸ್. ಆದರೆ ನಾನು ಅವಳಿಗೆ ನಿಜವಾಗಿ ತೋರಿಸಬೇಕು ಅಂದುಕೊಂಡಿರುವುದು ಬೇರೆ ಎರಡು ಕಲ್ಲು.

ಒಂದು, ಆತಕೂರಿನ ನಾಯಿ ಕಲ್ಲು. ಡಿಪ್ಲೊಮಾ ಓದುವಾಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ಮೊದಲ ಸಲ ನೋಡಿದೆ. ಮೆಟ್ರೋದಲ್ಲಾದರೆ ಕಬ್ಬನ್ ಪಾರ್ಕ್ ನಿಲ್ದಾಣ, ನೆಲದಡಿಯದೇ. ಆ ನಿಲ್ದಾಣದ ಗೋಡೆಗಳ ಮೇಲೆ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು ಚಿತ್ರ ಮಾಡಿದ್ದಾರೆ, ಅದನ್ನೂ ನೋಡಿಕೊಂಡೇ ಹೋಗಬಹುದು. ಆತಕೂರು ಇರುವುದು ನಮ್ಮ ಪಕ್ಕದ ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಸುಮಾರು ಕ್ರಿ.ಶ. 949ರ ಮಾತು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಪರ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೆರ. ನಿನಗೇನು ಬೇಕು ಕೇಳು ಅಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆ ನಾಯಿಯನ್ನು ಕೇಳಿದ. ಆಮೇಲೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೆರ ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟುಕೊಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಊಟ ಮಾಡಿದರೆ ಪಾಪ ಅಂತಲೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರು ಕಚ್ಚಿಕೊಂಡಿವೆ. ಹೊಲಕ್ಕೆ ಹಂದಿ ನುಗ್ಗಿ ರಾತ್ರಿಯೆಲ್ಲ ಕಾವಲು ಕೂತವರಿಗೆ ಈ ಕಲ್ಲು ಅರ್ಥವಾಗುವಷ್ಟು ಯಾವ ಪ್ರೊಫೆಸರಿಗೂ ಅರ್ಥವಾಗಲಾರದು.

ಎರಡನೆಯದು ಬೇಗೂರಿನದು. ಬೆಂದಕಾಳೂರಿನಿಂದ ಬೆಂಗಳೂರು ಆಯಿತು, ಅಜ್ಜಿ ವೀರಬಲ್ಲಾಳನಿಗೆ ಬೇಯಿಸಿದ ಕಾಳು ಕೊಟ್ಟಳು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬೇಗೂರಿನ ಪಂಚಲಿಂಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ಕಲ್ಲು ಬೇರೆ ಮಾತು ಹೇಳುತ್ತದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಹೆಸರು ಅದರಲ್ಲಿದೆ. ಬಲ್ಲಾಳನಿಗೂ ಮುನ್ನೂರು ವರ್ಷ ಹಿಂದೆಯೇ, ಕೆಂಪೇಗೌಡರಿಗೆ ಆರುನೂರು ವರ್ಷಕ್ಕೂ ಹಿಂದೆಯೇ ಊರಿಗೆ ಈ ಹೆಸರಿತ್ತು. ಹಳದಿ ಮಾರ್ಗದ ಹೊಂಗಸಂದ್ರದಲ್ಲಿ ಇಳಿದು ಆಟೋ ಹಿಡಿದರೆ ಬೇಗೂರು ದೂರವೇನಲ್ಲ. ಅದೇ ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ನಾಯಿ ಕಲ್ಲಿರುವ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಾಣ, ಬಿದ್ದ ಹೆಣ, ಮೇಲೆ ಕರೆದೊಯ್ಯುವ ಅಪ್ಸರೆಯರು, ಇಡೀ ಯುದ್ಧವೇ ಒಂದು ಚಪ್ಪಡಿಯಲ್ಲಿ. ಸೋಮವಾರ ಅಲ್ಲಿ ರಜೆ. ದುರಸ್ತಿಗೆ ಅಂತ ಮುಚ್ಚಿರುವುದೂ ಉಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಈಗ ದುಡ್ಡಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ. ಮೆಟ್ರೋಗೆ ಅದು ನಡೆಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದಾಗ ಅತಿ ಹೆಚ್ಚಿನ ಟಿಕೆಟ್ 60 ರೂಪಾಯಿಂದ 90ಕ್ಕೆ ಹೋಯಿತು. ಕಡಿಮೆ ಅಂದರೆ 10 ರೂಪಾಯಿ. ಜಯನಗರದಿಂದ ಮಾರ್ಕೆಟ್ಟಿಗೆ ಹೋಗಿಬರುವುದು ಒಬ್ಬರಿಗೆ ಭಾರವಲ್ಲ. ಆದರೆ ಗಂಡ, ಹೆಂಡತಿ, ಎರಡು ಮಕ್ಕಳು ಊರಾಚೆಯಿಂದ ಮೆಟ್ರೋದಲ್ಲೇ ಹೋಗಿ ಬಂದರೆ ಕೂಲಿಯ ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತದೆ. ಆಸ್ಪತ್ರೆಗೆ ಬಂದವರಿಗೆ, ಶಾಲಾ ಪ್ರವಾಸದ ಮಕ್ಕಳಿಗೆ ದರದಲ್ಲಿ ರಿಯಾಯಿತಿ ಬೇಕು ಅಂತ ನಮ್ಮ ಶಾಸಕರು ಒಂದು ಸಲವಾದರೂ ಕೇಳಲಿ. ನಾನಂತೂ ಬಸ್ ನಿಲ್ಲುವವರೆಗೆ ಬಸ್ಸು, ಊರೊಳಗಿನ ನಾಲ್ಕೈದು ನಿಲ್ದಾಣಕ್ಕೆ ಮಾತ್ರ ಮೆಟ್ರೋ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ.

ಕೇಳಬೇಕಾದ್ದು ಇನ್ನೊಂದು ಇದೆ, ಅದಕ್ಕೆ ಈಗಲೇ ಸಮಯ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಗುಲಾಬಿ ಮಾರ್ಗ ಬರುತ್ತಿದೆ. ಜೆ.ಪಿ. ನಗರ 4ನೇ ಹಂತ, ಜಯದೇವ ಎಲ್ಲ ಮೇಲೆ, ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ನೆಲದಡಿ, ಒಟ್ಟು 12 ಸುರಂಗ ನಿಲ್ದಾಣ. 2025ರ ಕೊನೆಗೆ ಇನ್ನೂ ತೆರೆದಿರಲಿಲ್ಲ. ಡೇರಿ ಸರ್ಕಲ್, ಲಕ್ಕಸಂದ್ರ ಅಂದರೆ ನಿಮಗೆ ಗೊತ್ತು, ನಿಮ್ಹಾನ್ಸ್, ಕಿದ್ವಾಯಿ. ಅಲ್ಲಿಗೆ ಬರುವವರು ಯಾರು? ನಾವೇ. ರಾಜ್ಯದ ಮೂಲೆಮೂಲೆಯ ಹಳ್ಳಿಯವರು, ಕಾಯಿಲೆಯ ಚೀಟಿ ಹಿಡಿದವರು. ಆ 12 ನಿಲ್ದಾಣಗಳ ಗೋಡೆ ತುಂಬ ಏನು ಇರಬೇಕು?

ಅಥೆನ್ಸ್ ನಗರದ ಸಿಂಟಾಗ್ಮಾ ನಿಲ್ದಾಣದಲ್ಲಿ, ಮೆಟ್ರೋಗೆ ಅಗೆಯುವಾಗ ಸಿಕ್ಕ ಹಳೆಯ ಮಡಕೆ, ಗೋರಿ, ಮಣ್ಣಿನ ಪದರಗಳನ್ನು ಗಾಜಿನ ಹಿಂದೆ ಹಾಗೇ ಇಟ್ಟು ತೋರಿಸುತ್ತಾರೆ. ಮೆಕ್ಸಿಕೊ ನಗರದಲ್ಲಿ 1967ರಲ್ಲಿ ಅಗೆಯುವಾಗ ಗಾಳಿ ದೇವರ ಗುಡಿಯ ಜಗುಲಿ ಸಿಕ್ಕಿತು. ಅದನ್ನು ಒಡೆಯದೆ ಅದರ ಸುತ್ತಲೇ ಪಿನೊ ಸುವಾರೆಸ್ ನಿಲ್ದಾಣ ಕಟ್ಟಿದರು. ರೈಲು ಬದಲಿಸುವ ಜನ ದಿನವೂ ಅದರ ಪಕ್ಕದಲ್ಲೇ ಓಡಾಡುತ್ತಾರೆ, ಬೇರೆ ಟಿಕೆಟ್ ಇಲ್ಲ.

ಗೋಡೆ ಇರುವುದು ಜಾಹೀರಾತಿಗೆ, ಆ ದುಡ್ಡಿನಲ್ಲೇ ರೈಲು ನಡೆಯಬೇಕು ಅನ್ನುವವರಿದ್ದಾರೆ. ಅವರ ಮಾತು ಪೂರ್ತಿ ತಪ್ಪಲ್ಲ. ಜಾಹೀರಾತು ಬಂದರೆ ಟಿಕೆಟ್ ದರ ಇನ್ನಷ್ಟು ಏರದಿರಬಹುದು. ಹಾಗಾಗಿ ನಾನು ಕೇಳುವುದು ಒಂದು ನಿಲ್ದಾಣಕ್ಕೆ ಒಂದು ಗೋಡೆ. ಲಕ್ಕಸಂದ್ರದಲ್ಲಿ ಆತಕೂರಿನ ನಾಯಿ ಕಲ್ಲಿನ ದೊಡ್ಡ ಪಡಿಯಚ್ಚು ನಿಲ್ಲಿಸಲಿ. ಡೇರಿ ಸರ್ಕಲ್‌ನಲ್ಲಿ ಬೇಗೂರಿನದು. ಪಕ್ಕದಲ್ಲಿ ನಾಲ್ಕು ಸಾಲು, ನಮ್ಮತ್ತೆಗೆ ಓದಿ ಹೇಳಿದರೆ ತಿಳಿಯುವ ಕನ್ನಡದಲ್ಲಿ. ಯಾವ ಊರಿನಿಂದ ಬಂತು, ಯಾವ ತಾಲ್ಲೂಕು ಅಂತ ದಪ್ಪ ಅಕ್ಷರದಲ್ಲಿ. ಕಲಾವಿದರ ಬಗ್ಗೆ ನನಗೆ ಗೌರವವಿದೆ. ಆದರೆ ಯಾರಿಗೂ ಅರ್ಥವಾಗದ ಬಣ್ಣದ ಸುಳಿ ಬಿಡಿಸಿ, ಕೆಳಗೆ ಅದಕ್ಕಿಂತ ಅರ್ಥವಾಗದ ವಿವರಣೆ ಬರೆಯುವುದಾದರೆ ಜಾಹೀರಾತೇ ವಾಸಿ.

ಊರಲ್ಲಿ ಇದನ್ನೆಲ್ಲ ಹೇಳಿದಾಗ ಕೆಲವರು ನಕ್ಕರು. “ಹುಷಾರಿಲ್ಲ ಅಂತ ಬೆಂಗಳೂರಿಗೆ ಹೋದೋರು ಕಲ್ಲು ನೋಡ್ಕೊಂಡ್ ಬಂದ್ರಾ?” ಅಂತ. ರಿಪೋರ್ಟ್ ಬರುವವರೆಗೆ ಕೂತು ಏನನ್ನು ನೋಡಬೇಕಿತ್ತು ಅಂತ ನಾನು ತಿರುಗಿ ಕೇಳಿದೆ. ಅವರ ಬಳಿಯೂ ಉತ್ತರ ಇರಲಿಲ್ಲ. ನಮ್ಮೂರಿನ ಕೆರೆ ಏರಿಯ ಮೇಲೇ ಒಂದು ವೀರಗಲ್ಲು ಇದೆ. ಅದರ ಸುತ್ತ ಲಾಂಟಾನ ಬೆಳೆದು ಈಗ ತಲೆ ಮಾತ್ರ ಕಾಣುತ್ತದೆ. ಅದನ್ನು ನಾನೂ ಒಂದು ದಿನ ನಿಂತು ನೋಡಿದವನಲ್ಲ.

ಅವತ್ತು ಸಂಜೆ ರಿಪೋರ್ಟ್ ತೆಗೆದುಕೊಂಡೆವು. ಥೈರಾಯ್ಡ್ ಸ್ವಲ್ಪ ಹೆಚ್ಚಿದೆ, ಮಾತ್ರೆ ಬದಲಿಸಿದ್ದಾರೆ, ಆರು ವಾರ ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ರೇಷ್ಮೆ ಸಂಸ್ಥೆವರೆಗೆ ಮೆಟ್ರೋದಲ್ಲೇ ಬಂದೆವು. ಈ ಸಲ ಅತ್ತೆ ನನ್ನ ತೋಳು ಹಿಡಿಯಲಿಲ್ಲ, ಟೋಕನ್ನೂ ತಾನೇ ಸೀಳಿನಲ್ಲಿ ಹಾಕಿದಳು. ಬಸ್ಸಿಗೆ ಕಾಯುವಾಗ ಕೇಳಿದಳು:

“ಆ ನಾಯಿ ಕಲ್ಲು ಐತಲ್ಲ, ಅದುಕ್ಕೆ ಈಗ ಯಾರು ಪೂಜೆ ಮಾಡ್ತಾರ್ಲಾ?”

“ಯಾರೂ ಇಲ್ಲ ಅತ್ತೆ, ಮ್ಯೂಸಿಯಂ ಅದು.”

“ಸರಿ ಬಿಡು. ಆರು ವಾರಕ್ಕೆ ಬಂದಾಗ ಎರಡು ಹೂವು ತಕ್ಕೊಂಡ್ ಹೋಗುವ. ಒಳೀಕ್ ಬುಡ್ತಾರ ಕೇಳಿಟ್ಕೊ.”